ಚಳಿಯ ರಾತ್ರಿಗೆ ಯಾವ ಕಾದಂಬರಿ? ಎಂಜಿನಿಯರಿಂಗ್ ಬಿಟ್ಟ ದಾಸ್ತೋವ್‌ಸ್ಕಿಯ ಬದುಕಿನಲ್ಲಿ ಹುಡುಕಿದ್ದು

ಕಳೆದ ವಾರ ಊರಿಂದ ಅಪ್ಪ ಫೋನ್ ಮಾಡಿದ್ದರು. ಎಡಗಣ್ಣಿಗೆ ಪೊರೆ ಆಪರೇಷನ್ ಆಗಿ ಹತ್ತು ದಿನವಾಗಿತ್ತು. ಕಣ್ಣಿಗೆ ಶ್ರಮ ಕೊಡಬೇಡಿ ಅಂತ ಡಾಕ್ಟ್ರು ಹೇಳಿದ್ದಾರೆ. ಟಿವಿ ಇಲ್ಲ, ಮೊಬೈಲ್ ಇಲ್ಲ. ಸಕಲೇಶಪುರದ ಕಡೆ ಡಿಸೆಂಬರ್ ಚಳಿ ಅಂದ್ರೆ ಗೊತ್ತಲ್ಲ, ಏಳು ಗಂಟೆಗೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಸೇರಬೇಕು. ಒಂಬತ್ತಕ್ಕೆ ಮಲಗಿದರೆ ಎರಡಕ್ಕೇ ಎಚ್ಚರ. ಆಮೇಲೆ ಬೆಳಗಾಗೋದೇ ಇಲ್ಲ. ಶನಿವಾರ ಬರುವಾಗ ಒಳ್ಳೇದೊಂದು ದಪ್ಪ ಕಾದಂಬರಿ ತಗೊಂಡು ಬಾ, ನೀನೇ ಓದಿ ಹೇಳು ಅಂದರು.

ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ನಡುರಾತ್ರಿಯಲ್ಲೂ ಎದ್ದು ಹೋಗುತ್ತಿದ್ದರು. ನನ್ನ ಹತ್ತಿರ ಅವರು ಪುಸ್ತಕ ಕೇಳಿದ್ದು ಇದೇ ಮೊದಲು. ಒಂದು ಕಾಲದಲ್ಲಿ ನಮ್ಮಿಬ್ಬರ ನಡುವೆ ಮಾತು ನಿಂತದ್ದೇ ಪುಸ್ತಕಗಳಿಂದ. ಎಂಜಿನಿಯರಿಂಗ್ ಮುಗಿಸಿ, ಸಿಕ್ಕಿದ ಕೆಲಸವನ್ನು ಎರಡು ವರ್ಷಕ್ಕೆ ಬಿಟ್ಟು, ಪತ್ರಿಕೆ ಸೇರ್ತೀನಿ ಅಂದಾಗ ಅವರು ಬೈಯಲಿಲ್ಲ. ಆದರೆ ಏಳೆಂಟು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಎಜುಕೇಷನ್ ಲೋನ್ ಇನ್ನೂ ತೀರಿರಲಿಲ್ಲ.

ಹಾಗಾಗಿ ಯಾವ ಕಾದಂಬರಿ ಅನ್ನೋದು ನನಗೆ ಸಣ್ಣ ಪ್ರಶ್ನೆ ಆಗಲಿಲ್ಲ. ಚಳಿಗಾಲದಲ್ಲಿ ಓದಬೇಕಾದ ಹತ್ತು ಪುಸ್ತಕ ಅಂತ ಇಂಟರ್ನೆಟ್ ತುಂಬಾ ಪಟ್ಟಿಗಳಿವೆ. ಎಲ್ಲದರಲ್ಲೂ ಒಂದು ಕಪ್ಪು ಬಿಸಿ ಕಾಫಿ, ಒಂದು ರಗ್ಗು, ಪಕ್ಕದಲ್ಲಿ ಬೆಕ್ಕು. ಕಾದಂಬರಿಯನ್ನೂ ಅವರು ರಗ್ಗಿನ ಹಾಗೇ ನೋಡುತ್ತಾರೆ. ಹೊದ್ದುಕೊಂಡರೆ ಬೆಚ್ಚಗಿರಬೇಕು, ಅಷ್ಟೇ. ರಾತ್ರಿ ಎರಡಕ್ಕೆ ಎಚ್ಚರವಾಗಿ ಕತ್ತಲಲ್ಲಿ ಕೂರುವ ಮನುಷ್ಯನಿಗೆ ಅಷ್ಟು ಸಾಕಾ? ಅವನಿಗೆ ಬೇಕಾಗಿರೋದು ಜೊತೆ. ಚಳಿ ಅಂದ್ರೇನು, ಕಾಯೋದು ಅಂದ್ರೇನು ಅಂತ ಗೊತ್ತಿರುವ ಯಾರಾದರೊಬ್ಬರ ಜೊತೆ.

ಹಾಗೆ ಯೋಚಿಸುತ್ತಾ ನಾನು ಬಂದು ನಿಂತಿದ್ದು ಫ್ಯೋದರ್ ದಾಸ್ತೋವ್‌ಸ್ಕಿಯ ಹತ್ತಿರ. ಅವನೂ ಎಂಜಿನಿಯರಿಂಗ್ ಓದಿ ಬಿಟ್ಟವನು. ಅವನೂ ಅಪ್ಪನಿಗೆ ಲೆಕ್ಕ ಒಪ್ಪಿಸಲಾಗದೆ ಉಳಿದವನು. ಅವನ ಪುಸ್ತಕಗಳಲ್ಲಿ ಯಾವುದು ಅಂತ ಹುಡುಕುತ್ತಾ ಅವನ ಬದುಕನ್ನು ಮತ್ತೊಮ್ಮೆ ಉದ್ದಕ್ಕೂ ನೋಡಬೇಕಾಯಿತು. (ಆಗಿನ ರಷ್ಯಾದ ಪಂಚಾಂಗ ಯುರೋಪಿನದಕ್ಕಿಂತ 12 ದಿನ ಹಿಂದಿತ್ತು. ಅಲ್ಲಿ ನಡೆದದ್ದಕ್ಕೆ ಆ ಲೆಕ್ಕದ ತಾರೀಖುಗಳನ್ನೇ ಇಟ್ಟುಕೊಂಡಿದ್ದೇನೆ.)

ಆಸ್ಪತ್ರೆಯ ಕ್ವಾರ್ಟರ್ಸ್‌ನಲ್ಲಿ ಓದಿಸಿಕೊಂಡ ಹುಡುಗ

ದಾಸ್ತೋವ್‌ಸ್ಕಿ ಹುಟ್ಟಿದ್ದು 1821ರಲ್ಲಿ, ಮಾಸ್ಕೋದ ಬಡವರ ಆಸ್ಪತ್ರೆಯ ಆವರಣದಲ್ಲಿ. ಅಪ್ಪ ಮಿಖಾಯಿಲ್ ಅಲ್ಲಿ ಡಾಕ್ಟರು. ಕೊಟ್ಟಿದ್ದ ಮನೆ ಚಿಕ್ಕದು, ಮಕ್ಕಳು ಜಾಸ್ತಿ. ಅಪ್ಪ ಶಿಸ್ತಿನ ಮನುಷ್ಯ, ಸಿಡುಕ, ಪೈಸೆ ಪೈಸೆ ಲೆಕ್ಕ ಇಡುವವನು. ಹೊರಗೆ ಆಸ್ಪತ್ರೆಯ ತೋಟದಲ್ಲಿ ರೋಗಿಗಳು ಓಡಾಡುತ್ತಿದ್ದರು. ಅವರ ಜೊತೆ ಮಾತಾಡಬಾರದು ಅಂತ ಮನೆಯಲ್ಲಿ ಕಟ್ಟಪ್ಪಣೆ. ಹುಡುಗ ಮಾತಾಡುತ್ತಿದ್ದ.

ಆ ಮನೆಯಲ್ಲಿ ರಾತ್ರಿ ಅಪ್ಪ ಅಮ್ಮ ಗಟ್ಟಿಯಾಗಿ ಪುಸ್ತಕ ಓದುವ ರೂಢಿಯಿತ್ತು. ರಷ್ಯಾದ ಇತಿಹಾಸ, ಪದ್ಯಗಳು, ಮತ್ತೆ ಕಾದಂಬರಿ. ಇಂಗ್ಲೆಂಡಿನ ಆ್ಯನ್ ರ‍್ಯಾಡ್‌ಕ್ಲಿಫ್ ಅನ್ನುವಾಕೆ ಬರೆದ ಭಯದ ಕಾದಂಬರಿಗಳು ಆಗ ಯುರೋಪಿನ ತುಂಬಾ ಓಡುತ್ತಿದ್ದವು. ಪಾಳುಕೋಟೆ, ಕತ್ತಲ ಓಣಿ, ಬಾಗಿಲ ಹಿಂದೆ ಏನೋ ಸದ್ದು. ಇನ್ನೂ ಅಕ್ಷರ ಬಾರದ ವಯಸ್ಸಿನಲ್ಲಿ, ಚಳಿಗಾಲದ ಉದ್ದನೆಯ ಸಂಜೆಗಳಲ್ಲಿ ಬಾಯಿ ಬಿಟ್ಟುಕೊಂಡು ಅವನ್ನು ಕೇಳಿಸಿಕೊಳ್ಳುತ್ತಿದ್ದೆ, ಆಮೇಲೆ ನಿದ್ದೆಯಲ್ಲಿ ಅವನ್ನೇ ಕನವರಿಸುತ್ತಿದ್ದೆ ಅಂತ ಅವನು 40 ದಾಟಿದ ಮೇಲೆ ನೆನಪಿಸಿಕೊಂಡ. ಜಗತ್ತಿಗೆ ಅಪರಾಧಿಯ ಮನಸ್ಸಿನ ಒಳಗನ್ನು ತೋರಿಸಿದವನಿಗೆ ಕಾದಂಬರಿ ಮೊದಲು ಬಂದದ್ದು ಕಿವಿಯಿಂದ, ಅದೂ ಚಳಿಯ ರಾತ್ರಿಯಲ್ಲಿ, ಅಪ್ಪ ಅಮ್ಮನ ದನಿಯಲ್ಲಿ.

ನನ್ನ ಅಪ್ಪ ಈಗ ಕೇಳಿರೋದೂ ಅದನ್ನೇ. ಓದುವವರು ಕೇಳುವವರು ಜಾಗ ಬದಲಾಯಿಸಿಕೊಂಡಿದ್ದೇವೆ.

ಟೀ, ಬೂಟು, ಪೆಟ್ಟಿಗೆ

1837ರಲ್ಲಿ ಅಮ್ಮ ಕ್ಷಯದಿಂದ ತೀರಿಕೊಂಡಳು. ಅದೇ ವರ್ಷ ಅಪ್ಪ ದೊಡ್ಡ ಹುಡುಗರಿಬ್ಬರನ್ನು ಗಾಡಿಯಲ್ಲಿ ಪೀಟರ್ಸ್‌ಬರ್ಗಿಗೆ ಕರೆದುಕೊಂಡು ಹೋದ. ಇಬ್ಬರಿಗೂ ತಲೆಯಲ್ಲಿ ಸಾಹಿತ್ಯ. ಅಪ್ಪನ ತಲೆಯಲ್ಲಿ ಮಿಲಿಟರಿ ಎಂಜಿನಿಯರಿಂಗ್. ಸಂಬಳ ಇರುತ್ತೆ, ಮರ್ಯಾದೆ ಇರುತ್ತೆ. ನಮ್ಮ ಮನೆಗಳಲ್ಲಿ ಪಿಯುಸಿ ಮುಗಿದ ಮೇಲೆ ನಡೆಯುವ ಮಾತುಕತೆಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ? ಅಣ್ಣನನ್ನು ಆರೋಗ್ಯದ ಕಾರಣ ಕೊಟ್ಟು ಸೇರಿಸಿಕೊಳ್ಳಲಿಲ್ಲ. ಫ್ಯೋದರ್ 1838ರ ಜನವರಿಯಲ್ಲಿ ಸೇರಿದ.

ಕಾಲೇಜು ಇದ್ದದ್ದು ಹಳೆಯ ಅರಮನೆಯಲ್ಲಿ. 1801ರಲ್ಲಿ ಚಕ್ರವರ್ತಿ ಪಾವೆಲ್‌ನನ್ನು ಅವನ ಮಲಗುವ ಕೋಣೆಯಲ್ಲೇ ಕೊಂದ ಅರಮನೆ ಅದು. ಅಲ್ಲಿ ಕೋಟೆ ಕಟ್ಟುವ ಲೆಕ್ಕ, ಬೀಜಗಣಿತ, ಡ್ರಾಯಿಂಗ್, ಕವಾಯತು. ಮೊದಲ ವರ್ಷವೇ ಪಾಸಾಗಲಿಲ್ಲ, ಅದೇ ತರಗತಿಯಲ್ಲಿ ಕೂರಿಸಿದರು. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಈ ಹುಡುಗ ಫಾಂಟಾಂಕಾ ನದಿಯ ಕಡೆಗಿದ್ದ ಮೂಲೆಯ ಕಿಟಕಿಯ ಹತ್ತಿರ ಕೂತು ಓದುತ್ತಾ ಬರೆಯುತ್ತಾ ಇರುತ್ತಿದ್ದ. ಒಳ ಅಂಗಿಯ ಮೇಲೆ ಕಂಬಳಿ. ಕಿಟಕಿ ಸಂದಿಯಿಂದ ಚಳಿಗಾಳಿ ನುಗ್ಗುತ್ತಿದ್ದರೂ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ ಅಂತ ಅಲ್ಲಿ ಡ್ಯೂಟಿ ಮಾಡುತ್ತಿದ್ದ ಅಧಿಕಾರಿಯೊಬ್ಬ ಮುಂದೆ ನೆನಪು ಬರೆದಿದ್ದಾನೆ.

ಇಲ್ಲಿಗೆ ಬಂದಾಗ ಪ್ರತಿಸಲ ನಾನು ಪುಸ್ತಕ ಮಡಚಿ ಇಡುತ್ತೇನೆ. ಯಾಕೆಂದರೆ ಮುಂದಿನದು ದುಡ್ಡಿನ ವಿಷಯ. ಅವನು ಅಪ್ಪನಿಗೆ ಕಾಗದ ಬರೆದು ದುಡ್ಡು ಕೇಳುತ್ತಿದ್ದ. ಬೇಸಿಗೆಯ ಶಿಬಿರಕ್ಕೆ ಹೋಗಬೇಕು, ಸ್ವಂತ ಟೀ ಬೇಕು, ಇನ್ನೊಂದು ಜೊತೆ ಬೂಟು ಬೇಕು, ಪುಸ್ತಕ ಇಡೋಕೆ ಪೆಟ್ಟಿಗೆ ಬೇಕು. ನಿಜಕ್ಕೂ ಬೇಕಿತ್ತಾ? ಅದೇ ಶಿಬಿರದಲ್ಲಿದ್ದ ಇನ್ನೊಬ್ಬ ಹುಡುಗ ದೊಡ್ಡವನಾದ ಮೇಲೆ ಬರೆದ ಪ್ರಕಾರ ಇವ್ಯಾವುವೂ ಇಲ್ಲದೆಯೂ ಅಲ್ಲಿ ಆರಾಮಾಗಿ ಇರಬಹುದಿತ್ತು. ಬೇಕಾಗಿದ್ದದ್ದು ಉಳಿದ ಹುಡುಗರ ಎದುರು ಕಡಿಮೆ ಆಗದಿರೋದು. ಅಪ್ಪ ಅಷ್ಟೊತ್ತಿಗೆ ಕೆಲಸ ಬಿಟ್ಟು ಹಳ್ಳಿಯ ಸಣ್ಣ ಜಮೀನಿನಲ್ಲಿದ್ದ. 1839ರ ಮೇ ತಿಂಗಳಲ್ಲಿ ಬಂದ ಕಾಗದಕ್ಕೆ ಉತ್ತರವಾಗಿ ಅವನು ದುಡ್ಡು ಕಳಿಸಿದ. ಜೊತೆಗೆ ಮಳೆಯಿಲ್ಲ, ಬೆಳೆಯಿಲ್ಲ, ದನಗಳಿಗೆ ಮೇವೂ ಇಲ್ಲ ಅಂತ ತನ್ನ ಕಷ್ಟ ಬರೆದ. ಅದಾಗಿ ಕೆಲವೇ ದಿನಕ್ಕೆ ಸತ್ತ. ಲಕ್ವ ಹೊಡೆದು ಸತ್ತ ಅಂತ ದಾಖಲೆ. ಜಮೀನಿನ ಜೀತದಾಳುಗಳೇ ಕೊಂದರು ಅಂತ ಊರಿನ ಮಾತು. ಯಾವುದು ನಿಜ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ಮಗನ ವಯಸ್ಸು ಆಗ 17.

ನನ್ನ ಮೂರನೇ ಸೆಮಿಸ್ಟರಿನಲ್ಲಿ ಎಂ-3 ಬ್ಯಾಕ್‌ಲಾಗ್ ಉಳಿದಿತ್ತು. ಲ್ಯಾಬ್ ಫೀಸು ಕಟ್ಟಬೇಕು ಅಂತ ಅಪ್ಪನ ಹತ್ತಿರ ಎರಡೂವರೆ ಸಾವಿರ ತರಿಸಿಕೊಂಡೆ. ಅಂಥ ಯಾವ ಫೀಸೂ ಇರಲಿಲ್ಲ. ಆ ದುಡ್ಡಿನಲ್ಲಿ ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಯಿಂದ ಒಂದು ಚೀಲ ಪುಸ್ತಕ, ಒಂದು ಜರ್ಕಿನ್ ತಂದೆ. ಚೀಲದಲ್ಲಿ ಮಾಸ್ಕೋದಲ್ಲಿ ಅಚ್ಚಾದ, ಸೋವಿಯತ್ ಕಾಲದ ಅಗ್ಗದ ಇಂಗ್ಲಿಷ್ ಅನುವಾದಗಳೂ ಇದ್ದವು. ದಾಸ್ತೋವ್‌ಸ್ಕಿ ನನಗೆ ಸಿಕ್ಕಿದ್ದು ಹಾಗೆ. ಅಪ್ಪ ಆ ತಿಂಗಳು ಚೀಟಿ ದುಡ್ಡು ಕಟ್ಟಲಿಲ್ಲ ಅಂತ ಎಷ್ಟೋ ವರ್ಷದ ಮೇಲೆ ಅಮ್ಮ ಬೇರೆ ಯಾವುದೋ ಮಾತಿನ ಮಧ್ಯೆ ಹೇಳಿದ್ದಳು. ಫೀಸಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅಪ್ಪನಿಗೆ ಇವತ್ತಿಗೂ ನಾನು ಹೇಳಿಲ್ಲ.

ಹತ್ತು ಪುಟ ಅಂತ ಶುರು ಮಾಡಿದವರು

1843ರಲ್ಲಿ ಕೋರ್ಸ್ ಮುಗಿಯಿತು. ಇಲಾಖೆಯ ಡ್ರಾಯಿಂಗ್ ವಿಭಾಗದಲ್ಲಿ ಕೆಲಸ. ಒಂದೇ ವರ್ಷಕ್ಕೆ ರಾಜೀನಾಮೆ. ಬಾಲ್ಜಾಕ್‌ನ ಒಂದು ಕಾದಂಬರಿಯನ್ನು ಫ್ರೆಂಚಿನಿಂದ ಅನುವಾದ ಮಾಡಿದ್ದು ಬಿಟ್ಟರೆ ಕೈಯಲ್ಲಿ ಏನೂ ಇರಲಿಲ್ಲ. ಸಾಲ ಮಾತ್ರ ಇತ್ತು.

1845ರ ವಸಂತದಲ್ಲಿ 'ಬಡಜನರು' ಬರೆದು ಮುಗಿಸಿದ. ಒಬ್ಬ ಬಡ ಗುಮಾಸ್ತ, ಎದುರು ಮನೆಯ ಒಬ್ಬ ಬಡ ಹುಡುಗಿ, ಅವರ ಕಾಗದಗಳು, ಅಷ್ಟೇ ಕತೆ. ಜೊತೆಗೆ ರೂಮಿನಲ್ಲಿದ್ದ ಗ್ರಿಗರೊವಿಚ್ ಹಸ್ತಪ್ರತಿಯನ್ನು ಕವಿ ನೆಕ್ರಾಸೋವ್‌ನ ಮನೆಗೆ ಒಯ್ದ. ಹತ್ತು ಪುಟ ನೋಡೋಣ, ಹೇಗಿದೆ ಗೊತ್ತಾಗುತ್ತೆ ಅಂತ ಇಬ್ಬರೂ ಗಟ್ಟಿಯಾಗಿ ಓದಲು ಕೂತರು. ಹತ್ತು ಇಪ್ಪತ್ತಾಯಿತು. ಒಬ್ಬನಿಗೆ ಗಂಟಲು ಕಟ್ಟಿದರೆ ಇನ್ನೊಬ್ಬ ಓದಿದ. ಮುಗಿಯುವಾಗ ಬೆಳಗಿನ ಜಾವ. ನಿದ್ದೆ ಮಾಡುತ್ತಿದ್ದರೆ ಎಬ್ಬಿಸೋಣ, ಇದು ನಿದ್ದೆಗಿಂತ ದೊಡ್ಡದು ಅನ್ನಿಸಿ ನಾಲ್ಕು ಗಂಟೆಗೆ ಹೋಗಿ ಬಾಗಿಲು ಬಡಿದರು. ಅವನಿಗೆ ಆಗ 23. ಮಾರನೇ ದಿನವೇ ಹಸ್ತಪ್ರತಿ ಆ ಕಾಲದ ದೊಡ್ಡ ವಿಮರ್ಶಕ ಬೆಲಿನ್‌ಸ್ಕಿಯ ಕೈ ಸೇರಿತು. ಪುಸ್ತಕ ಅಚ್ಚಾಗುವ ಮೊದಲೇ ಅವನು ಪೀಟರ್ಸ್‌ಬರ್ಗಿನಲ್ಲಿ ಹೆಸರುವಾಸಿ.

ಈ ಹೆಸರು ತಲೆಗೇರಿತು. 1846ರಲ್ಲೇ ಎರಡನೇ ಕಾದಂಬರಿ ಬಂತು, ಅದು ಯಾರಿಗೂ ಅಷ್ಟಾಗಿ ಹಿಡಿಸಲಿಲ್ಲ. ಹೊಗಳಿದವರೇ ಬೆನ್ನ ಹಿಂದೆ ಪದ್ಯ ಕಟ್ಟಿ ಆಡಿಕೊಂಡರು.

ಅಪ್ಪನಿಗೆ 'ಬಡಜನರು' ಆಗಬಹುದಾ? ಇಬ್ಬರು ಕೂತು ಗಟ್ಟಿಯಾಗಿ ಓದೋಕೆ ಅದು ಸರಿಯಾದದ್ದೇ ಅಂತ ಆ ರಾತ್ರಿಯೇ ಸಾಬೀತಾಗಿದೆ. ಆದರೆ ಅದು ಬಡತನವನ್ನು ಪಕ್ಕದ ಮನೆಯ ಕಿಟಕಿಯಿಂದ ನೋಡಿದವನು ಬರೆದದ್ದು. ಅಪ್ಪ ಹತ್ತನೇ ಪುಟಕ್ಕೇ ಅದನ್ನು ಹಿಡಿದುಬಿಡುತ್ತಾರೆ ಅನ್ನಿಸಿತು.

ಚೌಕದಲ್ಲಿ ನಿಂತ ಬೆಳಗು

ಪೆಟ್ರಶೆವ್‌ಸ್ಕಿ ಅನ್ನುವವನ ಮನೆಯಲ್ಲಿ ಶುಕ್ರವಾರದ ರಾತ್ರಿಗಳಲ್ಲಿ ಒಂದಷ್ಟು ಯುವಕರು ಸೇರುತ್ತಿದ್ದರು. ಜೀತಪದ್ಧತಿ ಹೋಗಬೇಕು, ಪತ್ರಿಕೆಗಳ ಮೇಲಿನ ಸೆನ್ಸಾರ್ ಹೋಗಬೇಕು ಅನ್ನುವ ಮಾತುಕತೆ, ಫ್ರಾನ್ಸಿನಿಂದ ಬಂದ ಸಮಾಜವಾದಿ ಪುಸ್ತಕಗಳು. ದಾಸ್ತೋವ್‌ಸ್ಕಿ ಅಲ್ಲಿ ಒಂದು ಕಾಗದವನ್ನು ಗಟ್ಟಿಯಾಗಿ ಓದಿದ. ಬೆಲಿನ್‌ಸ್ಕಿ ಗೊಗೊಲ್‌ಗೆ ಬರೆದ, ಸರ್ಕಾರ ನಿಷೇಧಿಸಿದ್ದ ಕಾಗದ. ಅವನ ಮೇಲಿನ ಮುಖ್ಯ ಆರೋಪಗಳಲ್ಲಿ ಅದೂ ಒಂದು. ಕೂತು ಮಾತಾಡಿದ್ದಕ್ಕೆ, ಓದಿದ್ದಕ್ಕೆ ರಾಜದ್ರೋಹ. ಇದನ್ನು ಇವತ್ತಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

1849ರ ಏಪ್ರಿಲ್ 23ರ ಬೆಳಗಿನ ಜಾವ ಪೊಲೀಸರು ಬಂದರು. ಎಂಟು ತಿಂಗಳು ಕೋಟೆಯ ಕತ್ತಲಕೋಣೆ. ಡಿಸೆಂಬರ್ 22ರಂದು ಗಾಡಿಗಳಲ್ಲಿ ತುಂಬಿಕೊಂಡು ಸೆಮ್ಯೋನೊವ್‌ಸ್ಕಿ ಚೌಕಕ್ಕೆ ತಂದರು. ನೆಲದ ಮೇಲೆ ಹಿಮ, ಸುತ್ತ ಸೈನಿಕರು, ಮಧ್ಯೆ ಕಂಬಗಳು. ಗುಂಡಿಕ್ಕಿ ಕೊಲ್ಲುವ ಶಿಕ್ಷೆ ಅಂತ ಒಬ್ಬೊಬ್ಬರ ಹೆಸರು ಹಿಡಿದು ಓದಿದರು. ಬಿಳಿ ನಿಲುವಂಗಿ ತೊಡಿಸಿದರು. ಮೊದಲ ಮೂವರನ್ನು ಕಂಬಕ್ಕೆ ಕಟ್ಟಿದರು. ದಾಸ್ತೋವ್‌ಸ್ಕಿ ಮುಂದಿನ ಮೂವರಲ್ಲಿದ್ದ. ಬಂದೂಕುಗಳು ಗುರಿ ಹಿಡಿದವು. ಆಗ ನಗಾರಿ ಬಾರಿಸಿತು. ಚಕ್ರವರ್ತಿ ಪ್ರಾಣದಾನ ಕೊಟ್ಟಿದ್ದಾನೆ ಅಂತ ಇನ್ನೊಂದು ಕಾಗದ ಓದಿದರು. ಎಲ್ಲವೂ ಮೊದಲೇ ತೀರ್ಮಾನವಾಗಿತ್ತು. ಬುದ್ಧಿ ಕಲಿಸೋಕೆ ಆಡಿದ ನಾಟಕ. ಕಂಬಕ್ಕೆ ಕಟ್ಟಿದ್ದ ಮೂವರಲ್ಲಿ ಒಬ್ಬನಿಗೆ ಬುದ್ಧಿ ಸ್ಥಿಮಿತ ತಪ್ಪಿತು, ಮತ್ತೆ ಸರಿಹೋಗಲಿಲ್ಲ.

ದಾಸ್ತೋವ್‌ಸ್ಕಿಗೆ ನಾಲ್ಕು ವರ್ಷ ಕಠಿಣ ಸಜೆ, ಆಮೇಲೆ ಸಾಮಾನ್ಯ ಸಿಪಾಯಿಯಾಗಿ ದುಡಿಮೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಕಾಲಿಗೆ ಸಂಕೋಲೆ ಹಾಕಿ ತೆರೆದ ಸ್ಲೆಜ್ ಗಾಡಿಯಲ್ಲಿ ಹೊರಡಿಸಿದರು. ಉರಾಲ್ ಬೆಟ್ಟ ದಾಟುವ ಹೊತ್ತಿಗೆ ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ದಾರಿಯಲ್ಲಿ ತೊಬೋಲ್‌ಸ್ಕ್ ಅನ್ನುವ ಊರಿನಲ್ಲಿ ಕೆಲವು ಹೆಂಗಸರು ಬಂದು ನೋಡಿದರು. ಅವರ ಗಂಡಂದಿರು 1825ರ ದಂಗೆಗಾಗಿ ಗಡೀಪಾರಾದವರು, ಇವರು ಅವರ ಹಿಂದೆಯೇ ಸೈಬೀರಿಯಾಕ್ಕೆ ಬಂದು 20 ವರ್ಷಕ್ಕೂ ಮೇಲೆ ಕಳೆದವರು. ಪ್ರತಿಯೊಬ್ಬನಿಗೂ ಒಂದೊಂದು ಬೈಬಲಿನ ಹೊಸ ಒಡಂಬಡಿಕೆ ಕೊಟ್ಟರು. ರಟ್ಟಿನ ಒಳಗೆ ಹತ್ತು ರೂಬಲ್ ಬಚ್ಚಿಟ್ಟಿದ್ದರು. ಓಮ್‌ಸ್ಕ್ ಜೈಲಿನಲ್ಲಿ ಇಟ್ಟುಕೊಳ್ಳಲು ಬಿಟ್ಟದ್ದು ಅದೊಂದೇ ಪುಸ್ತಕ. ಅದು ನಾಲ್ಕು ವರ್ಷ ಅವನ ತಲೆದಿಂಬಿನ ಕೆಳಗಿತ್ತು.

ಅಲ್ಲಿಂದ ಬಂದದ್ದು 'ಸತ್ತವರ ಮನೆ'. ಪುಸ್ತಕವಾಗಿ ಬರುವ ಮೊದಲು 1860ರಿಂದ 1862ರವರೆಗೆ ಪತ್ರಿಕೆಗಳಲ್ಲಿ ಕಂತು ಕಂತಾಗಿ ಬಂತು. ಸೆನ್ಸಾರ್ ಕಾಟಕ್ಕೆ ಹೆದರಿ, ಹೆಂಡತಿಯನ್ನು ಕೊಂದು ಜೈಲಿಗೆ ಬಂದ ಒಬ್ಬನ ಟಿಪ್ಪಣಿ ಅಂತ ವೇಷ ಹಾಕಿದ. ಒಳಗಿರೋದು ಅವನದೇ ಅನುಭವ. ಹಲಗೆಯ ಬ್ಯಾರಕ್ಕು, ಮೈಗೆ ಮೈ ತಾಗಿ ಮಲಗುವ ಜನ, ನಾಲ್ಕು ವರ್ಷದಲ್ಲಿ ಒಂದು ಗಳಿಗೆಯೂ ಒಬ್ಬನೇ ಇರಲಾಗದ ಹಿಂಸೆ. ಅದಕ್ಕಿಂತ ದೊಡ್ಡ ಹಿಂಸೆ ಇನ್ನೊಂದು. ಯಾರ ಪರವಾಗಿ ತಾನು ಜೈಲಿಗೆ ಬಂದೆ ಅಂದುಕೊಂಡಿದ್ದನೋ ಆ ಹಳ್ಳಿಯ ಜನ ಇವನನ್ನು ತಮ್ಮವನು ಅಂತ ಒಪ್ಪಲೇ ಇಲ್ಲ. ನೀನು ಮೇಲಿನವನು, ನಿನಗೂ ನಮಗೂ ಏನು ಅನ್ನುವ ಗೋಡೆ. ಆ ಗೋಡೆಯನ್ನು ಅವನು ಮುಚ್ಚಿಡಲಿಲ್ಲ. ಜನರ ಬಗ್ಗೆ ಬರೆಯುವ ನನ್ನಂಥವರು ವರ್ಷಕ್ಕೊಮ್ಮೆಯಾದರೂ ಓದಬೇಕಾದ ಪುಟಗಳು ಅವು.

ಅದರಲ್ಲೊಂದು ಕಡೆ ಕೈದಿಗಳನ್ನು ಇರ್ತಿಶ್ ನದಿಯ ದಡಕ್ಕೆ ಹಳೇ ದೋಣಿಯೊಂದನ್ನು ಒಡೆಯೋಕೆ ಕಳಿಸುತ್ತಾರೆ. ಯಾರೂ ಕೈ ಹಾಕುವುದಿಲ್ಲ. ಬೈಗುಳ, ಆಕಳಿಕೆ, ಕಾಲಹರಣ. ಇಷ್ಟು ಮುಗಿಸಿದರೆ ವಾಪಸ್ ಹೋಗಬಹುದು ಅಂತ ಮೇಸ್ತ್ರಿ ಗೊತ್ತುಮಾಡಿದ ಕೂಡಲೇ ಅದೇ ಜನ ನುರಿತ ಕೆಲಸಗಾರರಾಗಿ ಹೊತ್ತಿಗೆ ಮುಂಚೆಯೇ ಮುಗಿಸಿಬಿಡುತ್ತಾರೆ. ಮನುಷ್ಯನನ್ನು ಪೂರ್ತಿ ಮುರಿಯಬೇಕೆಂದರೆ ಅರ್ಥವಿಲ್ಲದ ಕೆಲಸ ಕೊಟ್ಟರೆ ಸಾಕು, ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ನೀರು ಸುರಿಸಿ ಮತ್ತೆ ಮೊದಲಿನದಕ್ಕೆ ಸುರಿಸಿದರೆ ಸಾಕು ಅನ್ನುವ ಯೋಚನೆಯೂ ಆ ಪುಸ್ತಕದ್ದೇ. ಕಂಬ ನೆಟ್ಟು, ತಂತಿ ಎಳೆದು, ಕೊನೆಯ ಮನೆಯಲ್ಲಿ ಬಲ್ಬ್ ಹತ್ತಿದ್ದು ನೋಡಿ ಬರುತ್ತಿದ್ದ ಅಪ್ಪನಿಗೆ ಇದನ್ನು ವಿವರಿಸುವ ಕೆಲಸ ನನಗೆ ಬರುವುದಿಲ್ಲ.

26 ದಿನ

ಪೀಟರ್ಸ್‌ಬರ್ಗಿಗೆ ವಾಪಸಾದದ್ದು 1859ರ ಡಿಸೆಂಬರಿನಲ್ಲಿ. ಹೋಗುವಾಗ ಇಲ್ಲದ ಒಂದು ಮದುವೆ, ಜೈಲಿನಲ್ಲಿ ಬಲಿತ ಮೂರ್ಛೆರೋಗ ಜೊತೆಗಿದ್ದವು. ಅಣ್ಣನ ಜೊತೆ ಪತ್ರಿಕೆ ಶುರುಮಾಡಿದ. ಸರ್ಕಾರ ಅದನ್ನು ಮುಚ್ಚಿಸಿತು. ಇನ್ನೊಂದು ಶುರುಮಾಡಿದರು. 1864ರ ಏಪ್ರಿಲಿನಲ್ಲಿ ಹೆಂಡತಿ ಮರಿಯಾ ಸತ್ತಳು, ಜುಲೈನಲ್ಲಿ ಅಣ್ಣ ಸತ್ತ. ಅಣ್ಣನ ಸಂಸಾರ, ಪತ್ರಿಕೆಯ ಸಾಲ ಎರಡನ್ನೂ ಇವನೇ ಹೊತ್ತುಕೊಂಡ. ಕಾನೂನು ಬಲವಂತ ಮಾಡಿರಲಿಲ್ಲ. ಹೊತ್ತುಕೊಂಡ, ಅಷ್ಟೇ.

ಸಾಲಗಾರರ ಜೈಲು ತಪ್ಪಿಸಿಕೊಳ್ಳಲು 1865ರಲ್ಲಿ ಸ್ಟೆಲೊವ್‌ಸ್ಕಿ ಅನ್ನುವ ಪ್ರಕಾಶಕನ ಹತ್ತಿರ 3000 ರೂಬಲ್‌ಗೆ ಒಂದು ಕರಾರಿಗೆ ಸಹಿ ಹಾಕಿದ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಮುಂದಿನ ಒಂಬತ್ತು ವರ್ಷ ಬರೆಯುವುದನ್ನೆಲ್ಲ ಪುಕ್ಕಟೆಯಾಗಿ ಅಚ್ಚುಹಾಕುವ ಹಕ್ಕು ಅವನದು. ಇತ್ತ 'ಅಪರಾಧ ಮತ್ತು ಶಿಕ್ಷೆ' ಮಾಸಪತ್ರಿಕೆಯಲ್ಲಿ ಕಂತುಗಳಲ್ಲಿ ಬರುತ್ತಿತ್ತು. ಸೆಪ್ಟೆಂಬರ್ ಮುಗಿದರೂ ಕರಾರಿನ ಕಾದಂಬರಿಯ ಒಂದು ಸಾಲೂ ಆಗಿರಲಿಲ್ಲ.

ಅಕ್ಟೋಬರ್ 4ರಂದು ಅನ್ನಾ ಸ್ನಿತ್ಕಿನಾ ಬಂದಳು. ವಯಸ್ಸು 20. ಶೀಘ್ರಲಿಪಿ ಆಗ ರಷ್ಯಾಕ್ಕೆ ಹೊಸದು, ಆಕೆ ಅದನ್ನು ಕಲಿತಿದ್ದಳು. ಇತ್ತೀಚೆಗಷ್ಟೇ ತೀರಿಕೊಂಡಿದ್ದ ಅವಳ ಅಪ್ಪನಿಗೆ ದಾಸ್ತೋವ್‌ಸ್ಕಿಯ ಬರಹ ಅಂದರೆ ಪ್ರಾಣ. ಅವನು ರಾತ್ರಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ, ಮಧ್ಯಾಹ್ನ ಬಾಯಲ್ಲಿ ಹೇಳುತ್ತಿದ್ದ, ಆಕೆ ಮನೆಗೆ ಹೋಗಿ ರಾತ್ರಿ ಶುದ್ಧಪ್ರತಿ ಮಾಡಿ ತರುತ್ತಿದ್ದಳು. 26 ದಿನದಲ್ಲಿ 'ಜೂಜುಕೋರ' ಮುಗಿಯಿತು. ಒಯ್ದು ಕೊಡಲು ಹೋದರೆ ಪ್ರಕಾಶಕ ಊರಲ್ಲಿಲ್ಲ, ಅವನ ಮ್ಯಾನೇಜರ್ ತೆಗೆದುಕೊಳ್ಳಲ್ಲ ಅಂದ. ಕೊನೆಗೆ ಪೊಲೀಸ್ ಠಾಣೆಯಲ್ಲಿ ಕೊಟ್ಟು ಹೊತ್ತು ಬರೆಸಿ ರಸೀದಿ ತಗೊಂಡ. ಗಡುವು ಮುಗಿಯಲು ಕೆಲವೇ ಗಂಟೆ ಇತ್ತು. 1867ರ ಫೆಬ್ರವರಿಯಲ್ಲಿ ಅನ್ನಾಳನ್ನು ಮದುವೆಯಾದ. ಬಾಯಲ್ಲಿ ಹೇಳಿ, ಇನ್ನೊಬ್ಬರು ಕೇಳಿಸಿಕೊಂಡು ಹುಟ್ಟಿದ ಕಾದಂಬರಿ ಅಂತ 'ಜೂಜುಕೋರ'ನ ಮೇಲೆ ನನಗೆ ಬೇರೆಯೇ ಪ್ರೀತಿ.

'ಅಪರಾಧ ಮತ್ತು ಶಿಕ್ಷೆ'ಯ ಬಗ್ಗೆ ಒಂದು ಮಾತು. ಚಳಿಗಾಲದ ಪಟ್ಟಿಗಳಲ್ಲೆಲ್ಲ ಅದು ಇದ್ದೇ ಇರುತ್ತದೆ. ಆದರೆ ಅದು ಶುರುವಾಗೋದು ಜುಲೈ ತಿಂಗಳ ಧಗೆಯಲ್ಲಿ. ಧೂಳು, ಸುಣ್ಣ, ಬೆವರು, ಉಸಿರುಗಟ್ಟುವ ಬಾಡಿಗೆ ಕೋಣೆ. ರಷ್ಯಾ ಅಂದ ಕೂಡಲೇ ಹಿಮ ಅಂದುಕೊಂಡು ಪಟ್ಟಿ ಮಾಡುವವರು ಮೊದಲ ಪುಟವನ್ನಾದರೂ ತೆಗೆದು ನೋಡಬೇಕು. ನಮ್ಮ ಏಪ್ರಿಲ್ ತಿಂಗಳಿಗೆ ಹೇಳಿ ಮಾಡಿಸಿದ ಕಾದಂಬರಿ ಅದು.

ಹೊಗಳಿ ಮುಗಿಸುವ ಹಾಗಿಲ್ಲ

ಸಾಲಗಾರರಿಂದ ತಪ್ಪಿಸಿಕೊಂಡು ಗಂಡಹೆಂಡತಿ ನಾಲ್ಕು ವರ್ಷ ಯುರೋಪಿನಲ್ಲಿ ಅಲೆದರು. ಅಲ್ಲಿ ರೂಲೆಟ್ ಹುಚ್ಚು ಅವನನ್ನು ಹಿಡಿದಿತ್ತು. ಹೆಂಡತಿಯ ಒಡವೆ, ಬಟ್ಟೆ, ಕೊನೆಗೆ ಚಳಿಯ ಕೋಟೂ ಅಡವು. ಆಕೆ ಬಸುರಿ. 1868ರಲ್ಲಿ ಜಿನೀವಾದಲ್ಲಿ ಹುಟ್ಟಿದ ಮೊದಲ ಮಗಳು ಸೋನ್ಯಾ ಮೂರು ತಿಂಗಳಿಗೇ ಹೋದಳು. ಅದೇ ವರ್ಷ ಬರೆಯುತ್ತಿದ್ದದ್ದು 'ಈಡಿಯಟ್'. ನವೆಂಬರ್ ಕೊನೆಯ ತೇವದ ಮುಂಜಾನೆ, ತೆಳುವಾದ ನಿಲುವಂಗಿಯಲ್ಲಿ ನಡುಗುತ್ತಾ ರೈಲಿನಲ್ಲಿ ಕೂತ ಒಬ್ಬ ರೋಗಿಷ್ಟ ಒಳ್ಳೆಯ ಮನುಷ್ಯನಿಂದ ಅದು ಶುರುವಾಗುತ್ತದೆ. ಚೌಕದಲ್ಲಿ ನಿಂತ ಆ ಕೊನೆಯ ನಿಮಿಷಗಳನ್ನು ಅವನು 19 ವರ್ಷದ ಮೇಲೆ ಇಟ್ಟದ್ದು ಈ ಮನುಷ್ಯನ ಬಾಯಲ್ಲಿ. 1871ರಲ್ಲಿ ಜೂಜು ಬಿಟ್ಟ, ಮತ್ತೆ ಮುಟ್ಟಲಿಲ್ಲ. ಊರಿಗೆ ವಾಪಸಾದ ಮೇಲೆ ಅನ್ನಾ ಪ್ರಕಾಶಕರನ್ನೆಲ್ಲ ಪಕ್ಕಕ್ಕಿಟ್ಟು 1873ರಲ್ಲಿ ಮನೆಯಿಂದಲೇ ಗಂಡನ ಕಾದಂಬರಿ ಅಚ್ಚುಹಾಕಿಸಿ ಮಾರಿದಳು. ಸಾಲ ತೀರಿದ್ದು ಅವನ ಪ್ರತಿಭೆಯಿಂದ ಎಷ್ಟೋ ಆಕೆಯ ಲೆಕ್ಕದ ಪುಸ್ತಕದಿಂದಲೂ ಅಷ್ಟೇ.

ಇನ್ನೊಂದು ಮುಖವನ್ನೂ ಹೇಳಬೇಕು. ಕೈದಿಯ ಒಳಗೂ ಮನುಷ್ಯನನ್ನು ಕಂಡವನು ಯಹೂದಿಗಳ ವಿಷಯಕ್ಕೆ ಬಂದಾಗ ಕಾಣಲಿಲ್ಲ. 1870ರ ದಶಕದಲ್ಲಿ ತನ್ನ ಅಂಕಣಗಳಲ್ಲಿ ಅವರ ಬಗ್ಗೆ ಬರೆದದ್ದು ದ್ವೇಷವೇ. ಕಾನ್‌ಸ್ಟಾಂಟಿನೋಪಲ್ ರಷ್ಯಾದ್ದಾಗಬೇಕು ಅಂತ ಯುದ್ಧಕ್ಕೆ ಹುರಿದುಂಬಿಸಿದ. ಸರ್ಕಾರ ತನ್ನ ಮೇಲೆ ಎತ್ತಿದ ಬಂದೂಕನ್ನು ನೋಡಿದವನು ಬೇರೆಯವರ ಮೇಲೆ ಎತ್ತಿದ ಬಂದೂಕಿಗೆ ಚಪ್ಪಾಳೆ ಹೊಡೆದ. ದೊಡ್ಡ ಕಾದಂಬರಿಕಾರ ಅನ್ನುವ ಕಾರಣಕ್ಕೆ ಇದನ್ನು ಬಿಟ್ಟು ಓದಲಾಗದು. ಇದಕ್ಕಾಗಿ ಕಾದಂಬರಿಗಳನ್ನು ಎಸೆಯಲೂ ನನ್ನಿಂದ ಆಗಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ಓದಬೇಕು.

1878ರ ಮೇ ತಿಂಗಳಲ್ಲಿ ಮೂರು ವರ್ಷ ತುಂಬದ ಮಗ ಅಲ್ಯೋಶ ಸತ್ತ, ಮೂರ್ಛೆರೋಗದಿಂದ. ಅದು ಅಪ್ಪನಿಂದ ಬಂದ ರೋಗ. 'ಕರಮಜೋವ್ ಸಹೋದರರು' ಕಾದಂಬರಿಯಲ್ಲಿ ಆ ಹೆಸರನ್ನು ತನ್ನ ಅತ್ಯಂತ ಪ್ರೀತಿಯ ಪಾತ್ರಕ್ಕಿಟ್ಟ. ಅಪ್ಪನ ಕೊಲೆ, ಅದನ್ನು ಮಾಡಿದವನು ಯಾರು, ಮನಸ್ಸಿನಲ್ಲಿ ಬಯಸಿದವನು ಯಾರು ಅನ್ನುವುದೇ ಆ ಕಾದಂಬರಿ. 17ನೇ ವಯಸ್ಸಿನಲ್ಲಿ ಬಂದ ಸಾವಿನ ಸುದ್ದಿಗೆ 40 ವರ್ಷ ತಡವಾಗಿ ಬರೆದ ಉತ್ತರ ಅಂತ ನಾನು ಅದನ್ನು ಓದಿಕೊಳ್ಳುತ್ತೇನೆ. ರಾತ್ರಿಯೆಲ್ಲ ಕೂತು, ಕಡು ಟೀ ಕುಡಿಯುತ್ತಾ ಬರೆದದ್ದು. ಅದು 1880ರಲ್ಲಿ ಮುಗಿಯಿತು. 1881ರ ಜನವರಿ 28ರ ರಾತ್ರಿ ಅವನು ತೀರಿಕೊಂಡ, 59 ವರ್ಷ. ಆ ದಿನ ತೊಬೋಲ್‌ಸ್ಕಿನಲ್ಲಿ ಹೆಂಗಸರು ಕೊಟ್ಟಿದ್ದ ಅದೇ ಪುಸ್ತಕವನ್ನು ತರಿಸಿ, ಹೆಂಡತಿಯ ಕೈಲಿ ಒಂದಿಷ್ಟು ಓದಿಸಿಕೊಂಡು, ಮಗನ ಕೈಗೆ ಕೊಟ್ಟ. ಓದಿಸಿಕೊಂಡೇ ಶುರುವಾದದ್ದು ಓದಿಸಿಕೊಂಡೇ ಮುಗಿಯಿತು.

ಶನಿವಾರದ ಚೀಲ

ಹಾಗಾದರೆ ಯಾವುದು? 'ಕರಮಜೋವ್ ಸಹೋದರರು' ಈ ಚಳಿಗಾಲಕ್ಕೆ ಮುಗಿಯುವುದಿಲ್ಲ. ಅಪ್ಪ ಮಗ ಎದುರುಬದುರು ಕೂತು ಓದುವ ಧೈರ್ಯವೂ ನನಗಿನ್ನೂ ಬಂದಿಲ್ಲ. 'ಈಡಿಯಟ್' ನಾನೊಬ್ಬನೇ ಓದಿಕೊಳ್ಳುತ್ತೇನೆ. ಚೀಲಕ್ಕೆ ಹಾಕಿದ್ದು 'ಸತ್ತವರ ಮನೆ'. ಎಲ್ಲರಿಗೂ ಅದೇ ಸರಿ ಅಂತ ಹೇಳುತ್ತಿಲ್ಲ. ಅದಕ್ಕೊಂದು ಏರುವ ಕತೆಯಿಲ್ಲ, ಬಿಡಿ ಬಿಡಿ ಜನ, ಬಿಡಿ ಬಿಡಿ ದಿನ. ಯಾವ ಪುಟದಲ್ಲಿ ನಿಲ್ಲಿಸಿದರೂ ಮಾರನೇ ರಾತ್ರಿ ಮುಂದುವರಿಸಬಹುದು. ಮಧ್ಯದಲ್ಲಿ ಕೈದಿಗಳು ಕ್ರಿಸ್‌ಮಸ್‌ಗೆ ಬಟ್ಟೆ ಚೂರುಗಳಿಂದ ಪರದೆ ಹೊಲಿದು ನಾಟಕ ಆಡುತ್ತಾರೆ, ಅಷ್ಟು ಹೊತ್ತು ಎಲ್ಲರೂ ಮಕ್ಕಳಾಗುತ್ತಾರೆ. ಕೊನೆಯಲ್ಲಿ ಕಮ್ಮಾರ ಕಾಲಿನ ಸಂಕೋಲೆ ಬಿಡಿಸುತ್ತಾನೆ. ಉದ್ದನೆಯ ರಾತ್ರಿಗೆ ಇದಕ್ಕಿಂತ ಒಳ್ಳೆಯ ಕೊನೆ ನನಗೆ ಗೊತ್ತಿಲ್ಲ.

ನನ್ನ ಹತ್ತಿರ ಇರೋದು ಆ ಅವೆನ್ಯೂ ರೋಡಿನ ಇಂಗ್ಲಿಷ್ ಪ್ರತಿ. ನೋಡಿಕೊಂಡು ಬಾಯಲ್ಲೇ ಕನ್ನಡ ಮಾಡಿ ಹೇಳುತ್ತಾ ಹೋಗುತ್ತೇನೆ. ರಷ್ಯಾದ ಉದ್ದುದ್ದ ಹೆಸರುಗಳನ್ನು ಅಪ್ಪ ಖಂಡಿತ ಕತ್ತರಿಸಿ ನಮ್ಮೂರಿನ ಹೆಸರು ಮಾಡುತ್ತಾರೆ. ಮಾಡಲಿ.

ಮೊದಲ ಪುಟದಲ್ಲಿ ನಾನೇ ಪೆನ್ಸಿಲಿನಲ್ಲಿ ಬರೆದುಕೊಂಡ ತಾರೀಖು ಮತ್ತು ಬೆಲೆ ಇನ್ನೂ ಅಳಿಸಿಲ್ಲ. ಈ ಪುಸ್ತಕ ಎಲ್ಲಿ ಸಿಕ್ಕಿತು ಅಂತ ಅಪ್ಪ ಕೇಳಿದರೆ ಈ ಸಲ ಫೀಸಿನ ಕತೆ ಹೇಳಬೇಕು ಅಂದುಕೊಂಡಿದ್ದೇನೆ. ಕೇಳದಿದ್ದರೂ ಹೇಳಬೇಕು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ.